ಅವಳು ಹಾರುವಾಗ ಮಗು ಯಾರ ಹತ್ತಿರ ಇತ್ತು?

"ಈಗ ಏನು ಬರೀತಿದ್ದೀರಿ?" ಅಂತ ಕೇಳಿದವರಿಗೆಲ್ಲ ನಾಲ್ಕು ತಿಂಗಳಿಂದ ಒಂದೇ ಉತ್ತರ ಕೊಡ್ತಾ ಬಂದಿದ್ದೀನಿ. ಒಬ್ಬ ಮಹಿಳಾ ಪೈಲಟ್ ಬಗ್ಗೆ ನಾಟಕ. ಅದನ್ನ ಕೇಳಿದ ಕೂಡಲೇ ಬರೋ ಮೊದಲ ಪ್ರಶ್ನೆ, "ಸ್ಟೇಜ್ ಮೇಲೆ ವಿಮಾನ ಹೇಗೆ ತರ್ತೀರಿ?" ಅವರ ಹೆಸರು ಸರಳಾ ಠಕ್ರಾಲ್, 1936ರಲ್ಲಿ ಲಾಹೋರಿನಲ್ಲಿ ಸೀರೆ ಉಟ್ಟುಕೊಂಡೇ ವಿಮಾನ ಹಾರಿಸಿದವರು ಅಂತ ಹೇಳಿದರೆ ಎರಡನೇ ಪ್ರಶ್ನೆ, "ಸೀರೇಲಾ? ನಿಜವಾಗ್ಲೂ?"

ಮೂರನೇ ಪ್ರಶ್ನೆಯನ್ನ ನಮ್ಮ ತಂಡದ ಹುಡುಗಿಯೊಬ್ಬಳು ಕೇಳಿದಳು. ಆ ಒಂದು ಪ್ರಶ್ನೆಯಿಂದ ನಾಟಕ ಬೇರೆಯದೇ ಆಯ್ತು. ಈ ಸಲದ ಅಂಕಣ ಅದರ ಬಗ್ಗೆ. ಆದರೆ ಮೊದಲೆರಡು ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋದರೆ ನೀವು ಬಿಡಲ್ಲ ಅಂತ ಗೊತ್ತು. ಹಾಗಾಗಿ ಸಾಲಾಗಿ ಹೇಳ್ತೀನಿ.

ಯಾರು ಈ ಸರಳಾ?

2021ರ ಆಗಸ್ಟ್ 8ರಂದು ಗೂಗಲ್ ತೆರೆದವರು ಇವರ ಚಿತ್ರ ನೋಡಿರಬಹುದು. ಅವತ್ತಿನ ಡೂಡಲ್ ಇವರದೇ. ಹುಟ್ಟಿದ್ದು 1914ರಲ್ಲಿ, ದೆಹಲಿಯಲ್ಲಿ. ಹದಿನಾರನೇ ವಯಸ್ಸಿಗೆ ಮದುವೆ. ಗಂಡ ಪಿ.ಡಿ. ಶರ್ಮಾ ಪೈಲಟ್, ಕರಾಚಿ ಮತ್ತು ಲಾಹೋರ್ ನಡುವೆ ಅಂಚೆ ವಿಮಾನ ಹಾರಿಸುತ್ತಿದ್ದವರು. ಗಂಡನ ಮನೆಯಲ್ಲಿ ಒಟ್ಟು ಒಂಬತ್ತು ಜನ ಪೈಲಟ್‌ಗಳಂತೆ! ನಮ್ಮ ಕಡೆ ಕೆಲವು ಮನೆಗಳಲ್ಲಿ ಎಲ್ಲರೂ ಮೇಷ್ಟ್ರುಗಳೇ ಇರ್ತಾರಲ್ಲ, ಹಾಗೆ.

ಹೆಂಡತಿಯೂ ಹಾರಲಿ ಅಂತ ಗಂಡನಿಗೆ ಆಸೆ. ಮಾವನಿಗೆ ಅದಕ್ಕಿಂತ ಹೆಚ್ಚು ಆಸೆ. ಮಾವನೇ ಮುಂದೆ ನಿಂತು ಸೊಸೆಯನ್ನು ಫ್ಲೈಯಿಂಗ್ ಕ್ಲಬ್‌ಗೆ ಸೇರಿಸಿದರು. 1936ರಲ್ಲಿ, 21ನೇ ವಯಸ್ಸಿನಲ್ಲಿ, ಸರಳಾ ಜಿಪ್ಸಿ ಮಾತ್ ಅನ್ನೋ ಪುಟ್ಟ ವಿಮಾನವನ್ನು ಒಬ್ಬರೇ ಹಾರಿಸಿ ಪೈಲಟ್ ಲೈಸೆನ್ಸ್ ಪಡೆದರು. ಮುಂದೆ ಸಾವಿರ ಗಂಟೆ ಹಾರಾಟ ಪೂರೈಸಿದರು. ಲೈಸೆನ್ಸ್ ಸಿಕ್ಕಾಗ ಮನೆಯಲ್ಲಿ ನಾಲ್ಕು ವರ್ಷದ ಮಗಳು.

ಈ ಕೊನೆಯ ವಾಕ್ಯವನ್ನ ಮರೀಬೇಡಿ. ಆಮೇಲೆ ಬೇಕಾಗುತ್ತೆ.

ಎರಡು ಸ್ಟೂಲು, ಒಂದು ರಬ್ಬರ್ ಕೊಳವೆ

ವಿಮಾನ ತರೋದು ಹೇಗೆ? ಗುಬ್ಬಿ ವೀರಣ್ಣನವರ ಕಾಲ ಆಗಿದ್ದರೆ ನಿಜವಾದದ್ದನ್ನೇ ತರ್ತಿದ್ರೇನೋ. ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ನಮ್ಮದು ಹವ್ಯಾಸಿ ತಂಡ. ಹಾಲ್ ಬಾಡಿಗೆ, ಲೈಟು, ಊಟ, ಆಟೋ ಎಲ್ಲ ಸೇರಿ ಅರವತ್ತು ಸಾವಿರದಲ್ಲಿ ಮುಗೀಬೇಕು. ಯಕ್ಷಗಾನ ನಮ್ಮನ್ನ ಕಾಪಾಡುತ್ತೆ. ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆ ತಲುಪಿದ ಹಾಗೆ. ನೋಡೋರು ಒಬ್ಬರೂ ಟಿಕೆಟ್ ಎಲ್ಲಿ ಅಂತ ಕೇಳಲ್ಲ. ಆ ಒಪ್ಪಂದ ನಮ್ಮ ಪ್ರೇಕ್ಷಕರ ರಕ್ತದಲ್ಲೇ ಇದೆ.

ಆದರೂ ನನಗೆ ಬರೀ ಸುತ್ತು ಸಾಕಾಗಲಿಲ್ಲ. ಜಿಪ್ಸಿ ಮಾತ್ ಹೇಗಿತ್ತು ಅಂತ ಓದ್ತಾ ಹೋದ ಹಾಗೆ ನಾಟಕಕ್ಕೆ ಬೇಕಾದ ಸಾಮಾನೆಲ್ಲ ಅದರೊಳಗೇ ಸಿಕ್ಕಿತು. ಮರದ ಚೌಕಟ್ಟು, ಮೇಲೆ ಬಟ್ಟೆ ಹೊದಿಕೆ. ಮೇಲೊಂದು ಕೆಳಗೊಂದು, ಎರಡು ಜೊತೆ ರೆಕ್ಕೆ. ಎಂಜಿನ್ ಸುಮಾರು ನೂರು ಅಶ್ವಶಕ್ತಿ, ಅಂದರೆ ಇವತ್ತು ನಿಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತಿರೋ ಸಾಧಾರಣ ಕಾರಿನಷ್ಟೇ. ಒಂದರ ಹಿಂದೆ ಒಂದು ಎರಡು ಸೀಟು, ಮೇಲೆ ಚಾವಣಿ ಇಲ್ಲ. ಗಾಳಿ, ದೂಳು, ಬಿಸಿಲು ಎಲ್ಲ ನೇರ ಮುಖಕ್ಕೆ.

ಕೀ ತಿರುಗಿಸಿ ಸ್ಟಾರ್ಟ್ ಮಾಡೋ ಹಾಗೂ ಇರಲಿಲ್ಲ. ಚಕ್ರದ ಮುಂದೆ ಮರದ ಒತ್ತು ಇಟ್ಟು, ಕೆಳಗೆ ಒಬ್ಬರು ನಿಂತು ಪ್ರೊಪೆಲ್ಲರನ್ನು ಕೈಯಿಂದ ಬೀಸಿ ತಿರುಗಿಸಬೇಕು. ಬೀಸುವವರು "ಕಾಂಟ್ಯಾಕ್ಟ್" ಅಂತ ಕೂಗಬೇಕು, ಸ್ವಿಚ್ ಹಾಕಿದ ಪೈಲಟ್ ಒಳಗಿಂದ "ಕಾಂಟ್ಯಾಕ್ಟ್" ಅಂತ ತಿರುಗಿ ಕೂಗಬೇಕು. ಮಾತು ತಪ್ಪಿದರೆ ಕೈಯೇ ಹೋಗುತ್ತೆ. ಎಷ್ಟು ದೊಡ್ಡ ಪೈಲಟ್ ಆದರೂ ನೆಲದ ಮೇಲೆ ನಿಂತ ಇನ್ನೊಬ್ಬರ ಕೈ ಇಲ್ಲದೆ ಮೇಲೇಳೋದು ಕಷ್ಟ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ ಆಯ್ತು. ಎಂಜಿನ್ ಸದ್ದಿನಲ್ಲಿ ಗುರುವಿನ ಮಾತು ಶಿಷ್ಯರಿಗೆ ಕೇಳಬೇಕಲ್ಲ? ಅದಕ್ಕೆ ಒಂದು ರಬ್ಬರ್ ಕೊಳವೆ ಇರುತ್ತಿತ್ತು. ಒಂದು ತುದಿ ಗುರುವಿನ ಬಾಯಿಗೆ, ಇನ್ನೊಂದು ಶಿಷ್ಯರ ಕಿವಿಗೆ. ವಿದ್ಯುತ್ ಇಲ್ಲ, ರೇಡಿಯೋ ಇಲ್ಲ, ಬರೀ ಉಸಿರು.

ಹಾಗಾಗಿ ನಮ್ಮ ವಿಮಾನ ಅಂದರೆ ಒಂದರ ಹಿಂದೆ ಒಂದು ಎರಡು ಸ್ಟೂಲು, ಹಾರ್ಡ್‌ವೇರ್ ಅಂಗಡಿಯ ಎರಡು ಮೀಟರ್ ರಬ್ಬರ್ ಕೊಳವೆ, ಪ್ರೊಪೆಲ್ಲರ್ ಬದಲು ಒಬ್ಬ ನಟನ ತೋಳು. ಎಂಜಿನ್ ಸದ್ದಿಗೆ ಕಲಾವಿದರ ಬಾಯಿ ಮತ್ತು ಒಂದು ಖಾಲಿ ಡ್ರಮ್. ಮೊದಲ ಸಲ ಮಾಡಿ ನೋಡಿದಾಗ ಪಕ್ಕದ ರೂಮಿನ ಭರತನಾಟ್ಯ ಕ್ಲಾಸಿನ ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತರು. ಒಬ್ಬ ಪುಟ್ಟ ಹುಡುಗ "ಆಂಟೀ, ಲ್ಯಾಂಡ್ ಆಗುತ್ತಾ?" ಅಂತ ಕೇಳಿದ. ಅವನಿಗೆ ವಿಮಾನ ಕಂಡಿತ್ತು. ನನಗೆ ಅಷ್ಟು ಸಾಕಾಗಿತ್ತು.

ಸೀರೆ ವಿಷಯ. ಹೌದು, ಸೀರೆಯೇ. ಅದರಲ್ಲಿ ಆಶ್ಚರ್ಯ ಪಡೋದಕ್ಕೆ ಏನೂ ಇಲ್ಲ ಅಂತ ನಮ್ಮ ತಂಡದ ಹಿರಿಯರೊಬ್ಬರು ಒಂದೇ ಮಾತಲ್ಲಿ ಹೇಳಿದರು: "ಗದ್ದೆ ನಾಟಿ ಮಾಡೋದು, ಮರ ಹತ್ತೋದು, ಇಟ್ಟಿಗೆ ಹೊರೋದು ಎಲ್ಲ ಸೀರೇಲೇ ನಡೀತಿದೆ. ಕೂತ್ಕೊಂಡು ಸ್ಟಿಕ್ ಹಿಡಿಯೋದು ಏನು ಮಹಾ?"

‘ಮೊದಲ’ ಅನ್ನೋ ಪದದ ಜಗಳ

ಪೋಸ್ಟರ್ ಮಾಡೋ ಗೆಳೆಯ ದೊಡ್ಡ ಅಕ್ಷರದಲ್ಲಿ ‘ಭಾರತದ ಮೊದಲ ಮಹಿಳಾ ಪೈಲಟ್’ ಅಂತ ಹಾಕಿಕೊಂಡು ಬಂದ. ನಾನು ತೆಗಿ ಅಂದೆ. "ಅಕ್ಕಾ, ಮೊದಲ ಅನ್ನೋದು ಇಲ್ದಿದ್ರೆ ಬುಕ್‌ಮೈಶೋದಲ್ಲಿ ಯಾರೂ ಕ್ಲಿಕ್ ಮಾಡಲ್ಲ" ಅಂತ ಅವನ ವಾದ.

ಹೆಚ್ಚಿನ ಕಡೆ ಸರಳಾ ಅವರನ್ನೇ ಮೊದಲಿಗರು ಅಂತ ಬರೀತಾರೆ. 1932ರಲ್ಲೇ ಲೈಸೆನ್ಸ್ ಪಡೆದ ಊರ್ಮಿಳಾ ಪಾರೀಖ್ ಮೊದಲಿಗರು ಅಂತ ಹೇಳುವ ಪಟ್ಟಿಗಳೂ ಇವೆ. ಆ ಕಾಲವೇ ಹಾಗಿತ್ತು, ಪ್ರತಿ ವರ್ಷ ಒಂದಲ್ಲ ಒಂದು ಮೊದಲು. 1929ರ ಫೆಬ್ರವರಿಯಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಲೈಸೆನ್ಸ್ ಸಿಕ್ಕಿತು. 1930ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಏಮಿ ಜಾನ್ಸನ್ ಇದೇ ಜಿಪ್ಸಿ ಮಾತ್‌ನಲ್ಲಿ ಒಬ್ಬಳೇ ಆಸ್ಟ್ರೇಲಿಯಾದವರೆಗೆ ಹಾರಿದಳು. ದಾರಿಯಲ್ಲಿ ಕರಾಚಿ, ಝಾನ್ಸಿ, ಕಲ್ಕತ್ತಾಗಳಲ್ಲಿ ಇಳಿದಿದ್ದಳು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಟಾಟಾ ಅವರ ಅಂಚೆ ವಿಮಾನ ಹೊರಟಿತು. ಆಕಾಶ ಆಗಷ್ಟೇ ತೆರೆದುಕೊಳ್ತಾ ಇತ್ತು.

‘ಮೊದಲ’ ಅಂದ ಕೂಡಲೇ ನಮ್ಮ ಕಣ್ಣು ಓಟದ ಸ್ಪರ್ಧೆಯ ಕಡೆ ಹೋಗುತ್ತೆ. ಯಾರು ಮುಂದೆ, ಯಾರು ಹಿಂದೆ, ಯಾವ ತಾರೀಖು. ಆಮೇಲೆ ಆ ಮನುಷ್ಯರನ್ನ ನೋಡೋದು ನಿಲ್ಲಿಸ್ತೀವಿ. ಕ್ವಿಜ್‌ಗೆ ಒಂದು ಉತ್ತರ ಸಿಕ್ಕಿತು, ಅಲ್ಲಿಗೆ ಮುಗೀತು. ಕೊನೆಗೆ ಪೋಸ್ಟರ್ ಮೇಲೆ ‘1936. ಲಾಹೋರ್. ಸೀರೆ ಉಟ್ಟ ಪೈಲಟ್’ ಅಂತ ಹಾಕಿದ್ದೀವಿ. ಕ್ಲಿಕ್ ಆಗುತ್ತೋ ಇಲ್ವೋ ನೋಡೋಣ.

ಹೆಸರಿನದ್ದೂ ಒಂದು ಕಥೆ. ಹಾರಿದ ದಿನ ಅವರು ಠಕ್ರಾಲ್ ಆಗಿರಲೇ ಇಲ್ಲ, ಶರ್ಮಾ ಅವರ ಹೆಂಡತಿ. ಠಕ್ರಾಲ್ ಅನ್ನೋದು ಹನ್ನೆರಡು ವರ್ಷದ ನಂತರ, 1948ರಲ್ಲಿ ಆದ ಎರಡನೇ ಮದುವೆಯಿಂದ ಬಂದ ಹೆಸರು. ಈಗ ನಾವು ಅದೇ ಹೆಸರಿನಿಂದ 1936ರ ಹುಡುಗಿಯನ್ನ ಕರೀತೀವಿ. ನಾಟಕದಲ್ಲಿ ಅವರು ಬರೀ ಸರಳಾ. ಆ ಹೆಸರು ಒಂದೇ ಕೊನೆತನಕ ಅವರದ್ದಾಗಿ ಉಳಿದದ್ದು.

ವಿಲನ್ ಎಲ್ಲಿ?

ನಾಟಕಕ್ಕೆ ಎದುರಾಳಿ ಬೇಕು. ಹೆಣ್ಣುಮಗಳೊಬ್ಬಳು ಸಾಧನೆ ಮಾಡಿದ ಕಥೆ ಅಂದರೆ ನಮಗೆ ಅಭ್ಯಾಸ ಆಗಿರೋ ಎದುರಾಳಿಗಳು ಯಾರು? ಬೈಯೋ ಅತ್ತೆ, ಬಾಗಿಲು ಹಾಕೋ ಮಾವ, ಅನುಮಾನದ ಗಂಡ. ಸೀರಿಯಲ್ ನೋಡೋರಿಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ನೋಡಿದರೆ ಮಾವನೇ ಫಾರ್ಮ್ ತುಂಬಿಸ್ತಿದ್ದಾರೆ, ಗಂಡನೇ ಹುರಿದುಂಬಿಸ್ತಿದ್ದಾರೆ!

"ಅತ್ತೇನಾದ್ರೂ ಸ್ವಲ್ಪ ಕೆಟ್ಟವರನ್ನಾಗಿ ಮಾಡಿ" ಅಂತ ತಂಡದಲ್ಲಿ ಒಬ್ಬರು ಸಲಹೆ ಕೊಟ್ಟರು. ಅದು ಆಗದ ಮಾತು. ಬದುಕಿ ಹೋದ ನಿಜವಾದ ಮನುಷ್ಯರ ಮೇಲೆ, ನಮ್ಮ ಎರಡನೇ ಅಂಕ ಜೋರಾಗಲಿ ಅಂತ, ಅವರು ಮಾಡದ ಕೆಟ್ಟತನ ಹೊರಿಸೋ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ನಿಜವಾದ ಹೆಸರು ಇಟ್ಟುಕೊಂಡು ನಾಟಕ ಬರೆಯೋದು ಸಲೀಸಲ್ಲ. ಬ್ರೆಕ್ಟ್‌ಗೂ ಇದು ಎದುರಾಗಿತ್ತು. 1929ರಲ್ಲಿ ಲಿಂಡ್‌ಬರ್ಗ್‌ನ ಅಟ್ಲಾಂಟಿಕ್ ಹಾರಾಟದ ಬಗ್ಗೆ ಒಂದು ರೇಡಿಯೋ ನಾಟಕ ಬರೆದ. ಮುಂದೆ ಲಿಂಡ್‌ಬರ್ಗ್‌ಗೆ ನಾಜಿಗಳ ಜೊತೆ ನಂಟು ಇದ್ದದ್ದರಿಂದ ನಾಟಕದಿಂದ ಅವನ ಹೆಸರನ್ನೇ ತೆಗೆದುಹಾಕಿದ. ಸಾಗರ ದಾಟಿದ ಹಾರಾಟ ಉಳೀತು, ಹಾರಿದವನ ಹೆಸರು ಹೋಯ್ತು. ಹೆಸರಿಗೆ ಅಷ್ಟು ಭಾರ ಇದೆ.

ಹಾಗಾದರೆ ಸರಳಾ ಕಥೆಯಲ್ಲಿ ಅಡ್ಡ ಬಂದದ್ದು ಏನು? 1939. ಆ ವರ್ಷ ಗಂಡ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸರಳಾಗೆ ಇಪ್ಪತ್ನಾಲ್ಕು. ಅಷ್ಟಾದರೂ ಅವರು ಆಕಾಶ ಬಿಡಲಿಲ್ಲ, ಕಮರ್ಷಿಯಲ್ ಲೈಸೆನ್ಸ್‌ಗೆ ತಯಾರಿ ಶುರು ಮಾಡಿದರು. ಅದಾದರೆ ಹಾರಾಟವೇ ಸಂಬಳದ ಕೆಲಸ ಆಗುತ್ತಿತ್ತು. ಅದೇ ಹೊತ್ತಿಗೆ ಎರಡನೇ ಮಹಾಯುದ್ಧ ಶುರುವಾಗಿ ನಾಗರಿಕರ ವಿಮಾನ ತರಬೇತಿ ನಿಂತುಹೋಯ್ತು.

ಬೈಯೋದಕ್ಕೆ ಮನೆಯಲ್ಲಿ ಯಾರೂ ಇಲ್ಲ. ಎಲ್ಲೋ ಯೂರೋಪಿನಲ್ಲಿ ಶುರುವಾದ ಯುದ್ಧ ಲಾಹೋರಿನ ಒಬ್ಬ ತಾಯಿಯ ಲಾಗ್‌ಬುಕ್ ಮುಚ್ಚಿತು. ಇದನ್ನ ರಂಗದ ಮೇಲೆ ತೋರಿಸೋದು ಕೆಟ್ಟ ಅತ್ತೆಯನ್ನ ತೋರಿಸೋದಕ್ಕಿಂತ ನೂರು ಪಟ್ಟು ಕಷ್ಟ. ಆದರೆ ನಮ್ಮಲ್ಲಿ ಎಷ್ಟೋ ಜನರ ಬದುಕು ತಿರುಗಿದ್ದು ಹೀಗೇ ಅಲ್ವಾ? ಯಾರ ಮೇಲೂ ಸಿಟ್ಟು ಮಾಡ್ಕೊಳ್ಳೋಕೆ ಆಗದ ಹಾಗೆ.

ಅಪಘಾತವನ್ನ ನಾವು ತೋರಿಸ್ತಾ ಇಲ್ಲ. ಸದ್ದೂ ಇಲ್ಲ. ಮುಂದಿನ ಸ್ಟೂಲು ಖಾಲಿ ಆಗುತ್ತೆ, ಕೊಳವೆಯ ಆ ತುದಿ ನೆಲಕ್ಕೆ ಬೀಳುತ್ತೆ. ಅಷ್ಟೇ.

ಆ ಮೂರನೇ ಪ್ರಶ್ನೆ

ಸರಳಾ ಪಾತ್ರ ಮಾಡೋ ಹುಡುಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡ್ತಾಳೆ. ಬೆಳಿಗ್ಗೆ ಏಳೂವರೆಗೆ ಕ್ಯಾಬ್, ಸಂಜೆ ಸಿಲ್ಕ್ ಬೋರ್ಡ್ ದಾಟಿ ಬನಶಂಕರಿಯ ನಮ್ಮ ರಿಹರ್ಸಲ್ ಜಾಗಕ್ಕೆ ಬರೋ ಹೊತ್ತಿಗೆ ಎಂಟು. ಅವಳಿಗೂ ನಾಲ್ಕು ವರ್ಷದ ಮಗಳು. ಇದು ನಾನು ಹುಡುಕಿ ಆರಿಸಿದ್ದಲ್ಲ, ಹಾಗೆ ಕೂಡಿ ಬಂತು.

ಮೊದಲ ಕರಡು ಓದಿ ಮುಗಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಸ್ಕ್ರಿಪ್ಟ್ ಮಡಚಿ ಇಟ್ಟು ಕೇಳಿದಳು: "ಅಕ್ಕಾ, ಇವರು ಸಾವಿರ ಗಂಟೆ ಹಾರಿದ್ರಲ್ಲ, ಅಷ್ಟೂ ಹೊತ್ತು ಮಗು ಯಾರು ನೋಡ್ಕೊಂಡ್ರು?"

ಯಾರೂ ಮಾತಾಡಲಿಲ್ಲ. ಅವಳೇ ಮುಂದುವರಿಸಿದಳು. "ದಿನಕ್ಕೆ ಒಂದು ಗಂಟೆ ಅಂದ್ಕೊಂಡ್ರೂ ಸಾವಿರ ದಿನ. ಹತ್ತಿರ ಹತ್ತಿರ ಮೂರು ವರ್ಷ. ಹೋಗೋದು, ಬರೋದು, ಹವಾಮಾನ ಸರಿ ಹೋಗ್ಲಿ ಅಂತ ಕಾಯೋದು ಬೇರೆ. ಆ ಮಗು ಬಿದ್ದಿರುತ್ತೆ, ಜ್ವರ ಬಂದಿರುತ್ತೆ, ಅಮ್ಮ ಬೇಕು ಅಂತ ಅತ್ತಿರುತ್ತೆ. ಅದನ್ನ ಎತ್ಕೊಂಡಿದ್ದು ಯಾರು? ಅವರಿಲ್ಲದೆ ಈ ಸ್ಕ್ರಿಪ್ಟ್ ಇಲ್ಲ ಅಲ್ವಾ?"

ಸರಳಾ ಬಗ್ಗೆ ಬಂದಿರೋ ಬರಹಗಳನ್ನ ನೀವೇ ತೆರೆದು ನೋಡಿ. ಸೀರೆಗೆ ಒಂದು ಪ್ಯಾರಾ, ವಿಮಾನಕ್ಕೆ ಒಂದು ಪ್ಯಾರಾ. ನಾಲ್ಕು ವರ್ಷದ ಮಗಳಿದ್ದಳು ಅನ್ನೋದು ಸಾಧನೆಗೆ ಇನ್ನಷ್ಟು ಹೊಳಪು ಕೊಡೋ ಒಂದು ಸಾಲು. ಮಗು ಇದ್ದೂ ಸಾಧಿಸಿದರು ಅಂತ. ಇವತ್ತಿಗೂ ಯಾವುದೇ ಸಾಧಕಿಯ ಬಗ್ಗೆ ಓದಿ, ಇದೇ ಸಾಲು ಇರುತ್ತೆ. ಆ ಸಾಲಿನ ಹಿಂದೆ ಕೂತು ಮಗುವಿಗೆ ಅನ್ನ ಕಲಸ್ತಿರೋರು ಯಾರಿಗೂ ಕಾಣಲ್ಲ.

ಅವಳು ಅದನ್ನ ಸುಮ್ಮನೆ ಕೇಳಿರಲಿಲ್ಲ. ಅವಳ ಮಗಳನ್ನ ನೋಡ್ಕೊಳ್ತಾ ಇದ್ದದ್ದು ಹಾಸನದಿಂದ ಬಂದಿದ್ದ ಅವಳ ಅಮ್ಮ. ಊರಲ್ಲಿ ಅಪ್ಪನ ಮೊಣಕಾಲಿಗೆ ಆಪರೇಷನ್ ಗೊತ್ತಾಗಿ ಅಮ್ಮ ಮುಂದಿನ ವಾರವೇ ಹೊರಡಬೇಕಿತ್ತು. ಗಂಡನಿಗೆ ನೈಟ್ ಶಿಫ್ಟ್. ಡೇಕೇರ್ ಏಳಕ್ಕೆ ಬಾಗಿಲು ಹಾಕುತ್ತೆ. "ಪಾತ್ರ ಬೇರೆಯವರಿಗೆ ಕೊಟ್ಟುಬಿಡಿ ಅಕ್ಕಾ. ನನ್ನಿಂದ ಶೋ ನಿಲ್ಲೋದು ಬೇಡ" ಅಂದಳು. ಅಳಲಿಲ್ಲ. ಆಫೀಸಲ್ಲಿ ಮೀಟಿಂಗ್ ಮುಂದೂಡೋ ದನಿಯಲ್ಲೇ ಹೇಳಿದಳು. ಆ ದನಿಯೇ ನನಗೆ ಹೆಚ್ಚು ನೋವಾಯ್ತು.

ಹವ್ಯಾಸಿ ರಂಗಭೂಮಿಯಲ್ಲಿ ಹೆಣ್ಣುಮಕ್ಕಳು ಹೀಗೇ ಮಾಯ ಆಗ್ತಾರೆ. ಇಪ್ಪತ್ತೈದರವರೆಗೆ ಎಲ್ಲ ತಂಡದಲ್ಲೂ ಇರ್ತಾರೆ. ಮೂವತ್ತಕ್ಕೆ ಪ್ರೇಕ್ಷಕರ ಸಾಲಲ್ಲಿ, ಮೂವತ್ತೈದಕ್ಕೆ ವಾಟ್ಸಾಪ್ ಗ್ರೂಪಲ್ಲಿ ಒಂದು ‘ಆಲ್ ದ ಬೆಸ್ಟ್’. ಯಾರೂ ಅವರನ್ನ ಬೇಡ ಅಂದಿರಲ್ಲ. ಇಲ್ಲೂ ವಿಲನ್ ಇಲ್ಲ. ಎಂಟು ಗಂಟೆಯ ರಿಹರ್ಸಲ್ ಮತ್ತು ಏಳು ಗಂಟೆಯ ಡೇಕೇರ್ ಅಷ್ಟೇ.

ಗೋಡೆ ಮೇಲಿನ ಗೆರೆಗಳು

ಎರಡು ಕೆಲಸ ಮಾಡಿದ್ವಿ.

ಒಂದು, ರಿಹರ್ಸಲ್ ಸಮಯ ಬದಲಾಯಿಸಿದ್ವಿ. ವಾರದ ರಾತ್ರಿಗಳು ಬೇಡ, ಶನಿವಾರ, ಭಾನುವಾರ ಬೆಳಿಗ್ಗೆ. ಮಗು ರಿಹರ್ಸಲ್‌ಗೇ ಬರುತ್ತೆ. ಅವತ್ತು ಯಾರ ದೃಶ್ಯ ಇಲ್ವೋ ಅವರು ಮಗು ಜೊತೆ. ಗೂಗಲ್ ಶೀಟಲ್ಲಿ ‘ಲೈಟ್’, ‘ಪ್ರಾಪರ್ಟಿ’, ‘ಟಿಫನ್’ ಅಂತ ಕಾಲಮ್ ಇರೋ ಹಾಗೆ ಈಗ ‘ಮಗು’ ಅಂತ ಒಂದು ಕಾಲಮ್. ಪೋಸ್ಟರ್ ಗೆಳೆಯನ ಪಾಳಿ ಬಂದ ದಿನ ಆ ಮಗು ಅವನ ಲ್ಯಾಪ್‌ಟಾಪ್ ಮೇಲೆ ಸ್ಟಿಕ್ಕರ್ ಅಂಟಿಸಿತು. "ಸಾವಿರ ಗಂಟೆ ಅಂದ್ರೆ ಏನು ಅಂತ ಈಗ ಗೊತ್ತಾಯ್ತು, ನಾನು ಎರಡು ಗಂಟೆಗೇ ಸುಸ್ತು" ಅಂದ ಅವನು.

ಎರಡು, ನಾಟಕಕ್ಕೆ ಒಂದು ಪಾತ್ರ ಬಂತು. ಮನೆಯಲ್ಲಿ ಮಗುವನ್ನ ಎತ್ತಿಕೊಂಡಿರೋ ಒಬ್ಬ ಹೆಂಗಸು. ಅಜ್ಜಿಯೋ, ಆಯಾನೋ, ಪಕ್ಕದ ಮನೆಯವಳೋ ಅಂತ ನಾವು ಹೇಳಲ್ಲ. ಅವಳಿಗೆ ಹೆಸರಿಲ್ಲ. ಅವಳು ಬರೋ ಮೊದಲು ಸೂತ್ರಧಾರ ಮುಂದೆ ಬಂದು ಪ್ರೇಕ್ಷಕರಿಗೆ ನೇರವಾಗಿ ಹೇಳ್ತಾನೆ: "ಇವಳು ಪುಸ್ತಕದಲ್ಲಿಲ್ಲ. ಇವಳನ್ನ ನಾವು ಕಲ್ಪಿಸಿಕೊಂಡಿದ್ದೀವಿ. ಯಾರೋ ಒಬ್ಬರಂತೂ ಇದ್ದಿರಲೇಬೇಕು." ಯಾವುದು ದಾಖಲೆ, ಯಾವುದು ನಮ್ಮ ಕಲ್ಪನೆ ಅಂತ ನೋಡೋರಿಗೆ ಗೊತ್ತಿರಬೇಕು. ಸರಳಾ ಬಾಯಲ್ಲಿ ಮಗಳ ಬಗ್ಗೆ ನಾನು ಕಟ್ಟಿದ ಮಾತು ಒಂದೂ ಹಾಕಿಲ್ಲ. ತಾಯಿ ಮಗಳ ಮಾತು ಅವರ ಮನೆಯದು.

ಆ ಹೆಂಗಸು ಮಾಡೋದು ಒಂದೇ ಕೆಲಸ. ಸರಳಾ ಒಂದು ಗಂಟೆ ಹಾರಿ ಬಂದು ಲಾಗ್‌ಬುಕ್ಕಿನಲ್ಲಿ ಬರೆದಾಗಲೆಲ್ಲ ಇವಳು ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೀತಾಳೆ. ಮುಂದೆ ಎಂಜಿನ್ ಸದ್ದು, ಹಿಂದೆ ಜೋಗುಳದ ಗುನುಗು. ಮೊದಲ ಅಂಕ ಮುಗಿಯೋ ಹೊತ್ತಿಗೆ ಗೋಡೆ ತುಂಬಾ ಗೆರೆಗಳು. ಲಾಗ್‌ಬುಕ್ಕಿಗೆ ಸರ್ಕಾರದ ಸೀಲು ಬೀಳುತ್ತೆ. ಗೋಡೆಗೆ ಯಾರು ಸೀಲು ಹಾಕ್ತಾರೆ?

ಈ ದೃಶ್ಯದಿಂದ ಸರಳಾ ಚಿಕ್ಕವರಾಗಿಬಿಡ್ತಾರಾ ಅನ್ನೋ ಪ್ರಶ್ನೆ ತಂಡದಲ್ಲಿ ಬಂತು. ಅದಕ್ಕೆ ಉತ್ತರ ಕೊಟ್ಟಿದ್ದು ಅದೇ ಹುಡುಗಿ. "ಪ್ರೊಪೆಲ್ಲರ್ ತಿರುಗಿಸೋನು ಇದ್ದಾನೆ ಅಂತ ಪೈಲಟ್ ಚಿಕ್ಕವಳಾಗ್ತಾಳಾ? ಇವಳೂ ಅವನ ಥರಾನೇ" ಅಂದಳು. ಎರಡು ಪಾತ್ರಗಳನ್ನೂ ಒಬ್ಬರೇ ಕಲಾವಿದರು ಮಾಡಲಿ ಅಂತ ಅಲ್ಲೇ ತೀರ್ಮಾನ ಆಯ್ತು. ವಿಮಾನದ ಮುಂದೆ ನಿಂತು ತೋಳು ಬೀಸುವವರೇ ಮನೆಯಲ್ಲಿ ಮಗು ಎತ್ತಿಕೊಳ್ತಾರೆ.

ಎಲ್ಲಿ ಮುಗಿಸೋದು?

ಪೈಲಟ್‌ಗಳ ಬಗ್ಗೆ ಬಂದ ನಾಟಕಗಳಲ್ಲಿ ನನಗೆ ಇಷ್ಟವಾದವು ನೆಲದ ಮೇಲೆ ನಡೆಯೋವೇ. ಆರ್ಥರ್ ಕೋಪಿಟ್ ಬರೆದ ‘ವಿಂಗ್ಸ್’ನ ನಾಯಕಿ ಹಿಂದೆ ವಿಮಾನದ ರೆಕ್ಕೆ ಮೇಲೆ ನಡೆದವಳು. ನಾಟಕದ ಬಹುಪಾಲು ನಡೆಯೋದು ಅವಳಿಗೆ ಪಾರ್ಶ್ವವಾಯು ಹೊಡೆದು ಮಾತು ಕಳೆದುಹೋದ ಮೇಲೆ. ಜಾರ್ಜ್ ಬ್ರಾಂಟ್‌ನ ‘ಗ್ರೌಂಡೆಡ್’ ಏಕವ್ಯಕ್ತಿ ನಾಟಕ. ಫೈಟರ್ ಪೈಲಟ್ ಒಬ್ಬಳು ಗರ್ಭಿಣಿಯಾಗಿ, ಮಗು ಆದ ಮೇಲೆ ಆಕಾಶ ಬಿಟ್ಟು ಸ್ಕ್ರೀನ್ ಮುಂದೆ ಕೂತು ಡ್ರೋನ್ ನಡೆಸ್ತಾಳೆ. ಹಾರೋದು ಬಿಟ್ಟ ಮೇಲೆ ಹಾರಿದವಳು ಏನಾಗ್ತಾಳೆ ಅನ್ನೋದೇ ಎರಡರಲ್ಲೂ ಪ್ರಶ್ನೆ.

ಸರಳಾ ಏನಾದರು? ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ತರಬೇತಿ ನಿಂತ ಮೇಲೆ ಲಾಹೋರಿನ ಮೇಯೋ ಕಲಾಶಾಲೆಗೆ ಸೇರಿ ಚಿತ್ರಕಲೆ ಕಲಿತರು. 1947ರಲ್ಲಿ ದೇಶ ಎರಡಾಯ್ತು. ಇಬ್ಬರು ಹೆಣ್ಣುಮಕ್ಕಳನ್ನ ಕರ್ಕೊಂಡು ದೆಹಲಿಗೆ ಬಂದರು. ಮತ್ತೆ ಮದುವೆಯಾದರು. ಆಭರಣ ವಿನ್ಯಾಸ ಮಾಡಿದರು. ಅದನ್ನ ತೊಟ್ಟವರಲ್ಲಿ ವಿಜಯಲಕ್ಷ್ಮಿ ಪಂಡಿತ್ ಕೂಡ ಇದ್ದರು. ಕಾಟೇಜ್ ಎಂಪೋರಿಯಂಗೆ ಹದಿನೈದು ವರ್ಷ ಮಾಲು ಕೊಟ್ಟರು. ಆಮೇಲೆ ಇನ್ನೊಂದು ಹದಿನೈದು ವರ್ಷ ಬ್ಲಾಕ್ ಪ್ರಿಂಟ್ ಸೀರೆಗಳು. ಆಮೇಲೆ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾಗೂ ವಿನ್ಯಾಸ ಮಾಡಿದರು! ಇದನ್ನೆಲ್ಲ ಅವರೇ ಇಳಿವಯಸ್ಸಿನ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ತೊಂಬತ್ತು ದಾಟಿ ಬದುಕಿದರು.

ಇದನ್ನ ಓದಿದಾಗ ನನಗೆ ಮೈ ಜುಮ್ ಅಂದಿತು. ನಾಟಕದವರು ನಾವು ಅವರ ಬಗ್ಗೆ ನಾಟಕ ಬರೀತಿದ್ದೀವಿ, ಅವರಾಗಲೇ ನಾಟಕದ ಮನೆಗೆ ಬಂದು ಕೆಲಸ ಮಾಡಿ ಹೋಗಿದ್ದಾರೆ.

1936ರಲ್ಲಿ ಮುಗಿಸಿದರೆ ಅದು ಮೋಟಿವೇಷನ್ ರೀಲ್. 1939ರಲ್ಲಿ ಮುಗಿಸಿದರೆ ಕಣ್ಣೀರಿನ ಕಥೆ. ಎರಡೂ ಮೂರು ನಾಲ್ಕು ವರ್ಷದ ಲೆಕ್ಕ, ಅವರು ಬದುಕಿದ್ದು ಅದರಾಚೆಗೆ ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು. ನಮ್ಮ ಕೊನೆಯ ದೃಶ್ಯದಲ್ಲಿ ವಿಮಾನ ಆಗಿದ್ದ ಎರಡು ಸ್ಟೂಲುಗಳ ಮೇಲೆ ಒಂದು ಹಲಗೆ ಬರುತ್ತೆ. ಅದರ ಮೇಲೆ ಬಿಳಿ ಸೀರೆ. ಸರಳಾ ಮರದ ಅಚ್ಚನ್ನ ಬಣ್ಣಕ್ಕೆ ಅದ್ದಿ ಒತ್ತುತ್ತಾ ಹೋಗ್ತಾರೆ. ಮೂರೂವರೆ ನಿಮಿಷ, ಮಾತಿಲ್ಲ. ಪ್ರೇಕ್ಷಕರು ಸುಮ್ಮನೆ ನೋಡ್ತಾರಾ, ಫೋನ್ ತೆಗೀತಾರಾ ಅನ್ನೋ ಭಯ ನನಗೂ ಇದೆ.

ಈಗ ಎಲ್ಲ ಬದಲಾಗಿದೆ, ಅಲ್ವಾ?

ಬದಲಾಗಿದೆ, ಇಲ್ಲ ಅನ್ನೋಕಾಗಲ್ಲ. ಏರ್‌ಲೈನ್ ಪೈಲಟ್‌ಗಳಲ್ಲಿ ಹೆಣ್ಣುಮಕ್ಕಳ ಪಾಲು ನಮ್ಮ ದೇಶದಲ್ಲಿ ಶೇಕಡ 12ಕ್ಕಿಂತ ಹೆಚ್ಚು, ಜಗತ್ತಿನ ಸರಾಸರಿಯ ಎರಡು ಪಟ್ಟು. 2016ರಲ್ಲಿ ವಾಯುಪಡೆಯ ಫೈಟರ್ ವಿಭಾಗಕ್ಕೆ ಸೇರಿದ ಮೊದಲ ಮೂವರು, ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್, ಮುಂದಿನ ತರಬೇತಿ ಪಡೆದದ್ದು ನಮ್ಮ ಬೀದರ್‌ನಲ್ಲಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಾಗ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಉತ್ತರ ಧ್ರುವದ ದಾರಿಯಲ್ಲಿ ಹದಿನೇಳು ಗಂಟೆ ಹಾರಿ ದೇವನಹಳ್ಳಿಯಲ್ಲಿ ಇಳಿದರು.

ಇಷ್ಟೆಲ್ಲ ಆದಮೇಲೂ ನಮ್ಮ ಹುಡುಗಿ ಪಾತ್ರ ಬಿಡೋಕೆ ತಯಾರಾಗಿದ್ದಳಲ್ಲ? ಆಕಾಶ ತೆರೆದಿದೆ. ಏಳು ಗಂಟೆಯ ಮೇಲೆ ಮಗು ಎಲ್ಲಿ ಬಿಡೋದು ಅನ್ನೋದು ಇನ್ನೂ ಆಯಾ ಮನೆಯವರ ತಲೆನೋವಾಗೇ ಉಳಿದಿದೆ.

ಮುಂದಿನ ತಿಂಗಳ ಎರಡನೇ ಶನಿವಾರ ಮೊದಲ ಪ್ರದರ್ಶನ. ಅವಳ ಅಮ್ಮ ಹಾಸನದಿಂದ ಬರ್ತಿದ್ದಾರೆ, ಅಪ್ಪನೂ ವಾಕರ್ ಹಿಡ್ಕೊಂಡು ಬರ್ತಾರಂತೆ. ಮುಂದಿನ ಸಾಲಲ್ಲಿ ಅವರಿಗೆ ಎರಡು ಸೀಟು ಇಟ್ಟಿದ್ದೀವಿ. ಮಗುಗೆ ಸೀಟು ಬೇಡ, ಅವತ್ತು ಅದು ಗ್ರೀನ್‌ರೂಮಲ್ಲಿರುತ್ತೆ, ಶೀಟಿನ ಪ್ರಕಾರ ಪೋಸ್ಟರ್ ಗೆಳೆಯನ ಪಾಳಿ. ಕೈಯಲ್ಲಿ ಮಗು ಇರೋರು ನಾಟಕಕ್ಕೆ ಬರೋ ಹಾಗಿದ್ದರೆ ಮೊದಲೇ ಒಂದು ಮೆಸೇಜ್ ಹಾಕಿ. ಆ ಕಾಲಮ್‌ನಲ್ಲಿ ಇನ್ನೂ ಇಬ್ಬರ ಹೆಸರು ಸೇರಿಸಿಟ್ಟಿರ್ತೀವಿ.